ಆಕಾಶದ 297 ಕಿ.ಮೀ. ಮತ್ತು ಪ್ರಯಾಣದ ತಾಸುಗಳು

ಮಾನ್ಯ ಸಂಪಾದಕರೆ,

ಸಣ್ಣ ಊರುಗಳ ನಡುವಿನ ವಿಮಾನದ ಸುದ್ದಿ ಬಂದಾಗಲೆಲ್ಲ ‘ಅರ್ಧ ತಾಸಿನಲ್ಲಿ ತಲುಪಬಹುದು’ ಎಂಬ ಮಾತು ಅಂಟಿಕೊಂಡೇ ಬರುತ್ತದೆ. ಬೆಳಗಾವಿಯ ಸಾಂಬ್ರಾದಿಂದ ಕಲಬುರಗಿ ವಿಮಾನ ನಿಲ್ದಾಣಕ್ಕೆ ನೇರ ಗೆರೆ ಎಳೆದರೆ ಸುಮಾರು 297 ಕಿ.ಮೀ. ಇದನ್ನು ದೊಡ್ಡ ಜೆಟ್‌ನ ತಾಸಿಗೆ 800 ಕಿ.ಮೀ. ವೇಗದಿಂದ ಭಾಗಿಸಿದರೆ 22 ನಿಮಿಷ, ಎಟಿಆರ್‌ನ (ರೆಕ್ಕೆಗೆ ಪ್ರೊಪೆಲ್ಲರ್ ಇರುವ ಸಣ್ಣ ವಿಮಾನ) 500ರಿಂದ ಭಾಗಿಸಿದರೆ 36 ನಿಮಿಷ. ಎರಡೂ ಬರೀ ಭಾಗಾಕಾರ, ನಿಜವಾದ ಪ್ರಯಾಣದ ಹೊತ್ತಲ್ಲ.

10 ಸಾವಿರ ಅಡಿಗಿಂತ ಕೆಳಗೆ ವೇಗದ ಮಿತಿ 250 ನಾಟ್, ಅಂದರೆ ತಾಸಿಗೆ ಸುಮಾರು 463 ಕಿ.ಮೀ. ಇಷ್ಟು ಚಿಕ್ಕ ದಾರಿಯಲ್ಲಿ ಹೆಚ್ಚಿನ ಭಾಗ ಏರುವುದು, ಇಳಿಯುವುದರಲ್ಲೇ ಮುಗಿಯುವುದರಿಂದ ಜೆಟ್ಟಿಗೂ ಅದರ ಪೂರ್ಣ ವೇಗ ಸಿಗುವುದಿಲ್ಲ. ಎರಡೂ ಕಡೆ ರನ್‌ವೇ ಇರುವುದು ಪೂರ್ವ–ಪಶ್ಚಿಮವಾಗಿ. ಮಳೆಗಾಲದ ಪಡುವಣ ಗಾಳಿಗೆ ಎದುರಾಗಿ ವಿಮಾನ ಪಶ್ಚಿಮಕ್ಕೆ ಮುಖ ಮಾಡಿ ಏರಬೇಕು, ಆಮೇಲೆ ಕಲಬುರಗಿಯತ್ತ ತಿರುಗಬೇಕು. ಅಲ್ಲಿಯೂ ನಿಲ್ದಾಣ ದಾಟಿ ಪೂರ್ವಕ್ಕೆ ಹೋಗಿ, ಮರಳಿ ಬಂದು ಇಳಿಯಬೇಕು. ಸಮಾಂತರ ಟ್ಯಾಕ್ಸಿವೇ (ರನ್‌ವೇ ಪಕ್ಕದಲ್ಲಿ ವಿಮಾನ ಸಾಗುವ ದಾರಿ) ಇಲ್ಲದ ಸಣ್ಣ ನಿಲ್ದಾಣವಾದರೆ ರನ್‌ವೇ ಮೇಲೆಯೇ ತುದಿವರೆಗೆ ಸಾಗಿ ಹೊರಳಬೇಕಾಗುತ್ತದೆ. ಸಾಂಬ್ರಾದ ರನ್‌ವೇ 2,300 ಮೀಟರ್, ಕಲಬುರಗಿಯದು ಮೂರು ಕಿ.ಮೀ.ಗೂ ಹೆಚ್ಚು. ನಿಧಾನವಾಗಿ ಉರುಳುವ ವಿಮಾನಕ್ಕೆ ಎರಡು ಕಿ.ಮೀ. ಎಂದರೆ ಐದು ನಿಮಿಷ. ವೇಳಾಪಟ್ಟಿಯಲ್ಲಿ ಇರುವುದು ‘ಬ್ಲಾಕ್ ಟೈಮ್’: ನಿಂತ ಜಾಗ ಬಿಟ್ಟಾಗಿನಿಂದ ಮತ್ತೊಂದು ಕಡೆ ನಿಲ್ಲುವವರೆಗಿನ ಅವಧಿ. ನೇರ ಎಟಿಆರ್‌ಗೆ ಇದನ್ನು 65 ನಿಮಿಷ ಹಿಡಿಯುವುದು ಸರಿ.

ಇನ್ನು ನೆಲದ ಲೆಕ್ಕ. ಸಾಂಬ್ರಾ ಬೆಳಗಾವಿಯಿಂದ 10 ಕಿ.ಮೀ., ಕಲಬುರಗಿಯ ನಿಲ್ದಾಣ ಊರಿಂದ ಸುಮಾರು 14 ಕಿ.ಮೀ.; ಎರಡೂ ಕಡೆ ಅರ್ಧರ್ಧ ತಾಸು ಬೇಕು. ಚೆಕ್-ಇನ್ ಕೌಂಟರ್ ಸಾಮಾನ್ಯವಾಗಿ ತಾಸು ಮೊದಲೇ ಮುಚ್ಚುವುದರಿಂದ 75 ನಿಮಿಷ ಮುಂಚೆ ಅಲ್ಲಿರಬೇಕು. ಇಳಿದ ಮೇಲೆ ಲಗೇಜಿಗೆ 20 ನಿಮಿಷ. ಕೂಡಿಸಿದರೆ 3 ತಾಸು 40 ನಿಮಿಷ. ರಸ್ತೆಯ 350ಕ್ಕೂ ಹೆಚ್ಚು ಕಿ.ಮೀ.ಗೆ ಕಾರಿನಲ್ಲಿ ಏಳು ತಾಸಾದರೂ ಬೇಕು ಅಂದಮೇಲೆ ವಿಮಾನವೇ ಲಾಭ, ಒಪ್ಪೋಣ.

ಆದರೆ ಆ ಲಾಭ ನೇರ ವಿಮಾನವಿದ್ದರೆ ಮಾತ್ರ. ದೂರ ಲೆಕ್ಕ ಹಾಕುವ ಆ್ಯಪ್‌ಗಳಿಗೆ ವಿಮಾನ ಇದೆಯೋ ಇಲ್ಲವೋ ಬೇಕಿಲ್ಲ, ಎರಡು ಬಿಂದು ಕೊಟ್ಟರೆ ಸಾಕು. ಬೆಂಗಳೂರಿನಲ್ಲಿ ಬದಲಿಸಿ ಹೋಗುವುದಾದರೆ ಮೊದಲು ಸುಮಾರು 445, ಆಮೇಲೆ ಸುಮಾರು 460, ಹೀಗೆ 900 ಕಿ.ಮೀ. ದಾಟುತ್ತದೆ, ನೇರ ದೂರದ ಮೂರು ಪಟ್ಟು. ಮಧ್ಯೆ ಕಾಯುವ ಹೊತ್ತು ಸೇರಿದರೆ ಕಾರು, ರಾತ್ರಿ ಬಸ್ಸೇ ವಾಸಿ ಎನಿಸಬಹುದು. ಎರಡು ಬೇರೆ ಟಿಕೆಟ್ ಮಾಡಿಸಿದವರಿಗೆ ಮೊದಲ ವಿಮಾನ ತಡವಾದರೆ ಎರಡನೆಯದರ ಹಣವೂ ಹೋಗಬಹುದು. ಬುಕ್ ಮಾಡುವಾಗ ಎರಡೂ ಒಂದೇ ಪಿಎನ್‌ಆರ್‌ನಲ್ಲಿ ಇರಲಿ.

ವಿಜಯಪುರ ವಿಮಾನ ನಿಲ್ದಾಣದ ಸುದ್ದಿ ಬರೆಯುವಾಗಲೂ ತಮ್ಮ ವರದಿಗಾರರು ಕಿಲೋಮೀಟರ್ ಲೆಕ್ಕ ಬಿಟ್ಟು, ಹೊರಡುವ–ತಲುಪುವ ಸಮಯ, ವಿಮಾನ ನೇರವೋ ಬದಲಿಸಬೇಕೋ, ವಾರದಲ್ಲಿ ಯಾವ ದಿನ ಎಂಬುದನ್ನು ಕೊಡಲಿ.

– ಓದುಗ, ಬೆಳಗಾವಿ