ಶನಿವಾರದ ತರಗತಿ: ನಿಮ್ಮ ಒಪ್ಪಿಗೆ ಕೇಳಿ ಒಂದು ಪತ್ರ

ಮಾನ್ಯ ಪೋಷಕರಿಗೆ ನಮಸ್ಕಾರಗಳು.

ಮುಂದಿನ ತಿಂಗಳಿಂದ ಶನಿವಾರ ಮಧ್ಯಾಹ್ನ ನಮ್ಮ ಶಾಲೆಯ ಸಭಾಂಗಣದಲ್ಲಿ ಚರ್ಚೊಂದರ ಸ್ವಯಂಸೇವಕರು ಮಕ್ಕಳಿಗಾಗಿ ಎರಡು ಗಂಟೆ ತರಗತಿ ನಡೆಸಲಿದ್ದಾರೆ. ಮೊದಲ ಗಂಟೆ ಓದು, ಲೆಕ್ಕ, ಹೋಂವರ್ಕ್. ಆಮೇಲೆ ತಿಂಡಿ. ಎರಡನೇ ಗಂಟೆ ಹಾಡು, ಆಟ, ಬೈಬಲ್ ಕಥೆ. ಶುಲ್ಕವಿಲ್ಲ.

ಸುದ್ದಿ ನನ್ನ ಪತ್ರಕ್ಕಿಂತ ಮೊದಲೇ ನಿಮ್ಮ ಬೀದಿ ಮುಟ್ಟಿದೆ. ಕಳೆದ ವಾರ ಗೇಟಿನ ಹತ್ತಿರ ಒಬ್ಬ ತಾಯಿ, "ಮಕ್ಕಳನ್ನ ಅವರ ಮತಕ್ಕೆ ಸೇರಿಸ್ಕೋತಾರಾ ಮೇಡಂ?" ಎಂದು ಕೇಳಿದರು. ಪಕ್ಕದಲ್ಲಿದ್ದವರು, "ನನ್ನ ಮಗಳ ಹೆಸರು ಮೊದಲು ಬರ್ಕೊಳ್ಳಿ, ನಾನು ಕೆಲಸ ಮುಗಿಸಿ ಬರೋದು ರಾತ್ರಿ ಎಂಟಕ್ಕೆ" ಎಂದರು. ಇಬ್ಬರ ಮಾತಿನಲ್ಲೂ ನ್ಯಾಯವಿದೆ.

ನಾನು ಒಪ್ಪಿದ್ದು ಆ ಎರಡನೆಯವರ ಮಾತಿಗೆ. ನಮ್ಮ ಎಷ್ಟೋ ಮಕ್ಕಳಿಗೆ ಮನೆಯೆಂದರೆ ಒಂದೇ ಕೋಣೆ. ಪುಸ್ತಕ ಬಿಚ್ಚಿ ಕೂರಲು ಮೂಲೆಯಿಲ್ಲ. ದೊಡ್ಡವರು ಬರುವತನಕ ಬೀದಿಯೇ ಗತಿ. ಟ್ಯೂಷನ್‌ಗೆ ಕೊಡಲು ಹಣವಿಲ್ಲ. ಐದನೇ ತರಗತಿಗೆ ಬಂದರೂ ಅಕ್ಷರ ಕೂಡಿಸಿ ಕೂಡಿಸಿ ಓದುವ ಮಕ್ಕಳು ನಮ್ಮಲ್ಲಿದ್ದಾರೆ. ನಲವತ್ತು ಮಕ್ಕಳ ನಡುವೆ ಒಬ್ಬ ಶಿಕ್ಷಕಿ ಎಷ್ಟು ಜನರ ಪಕ್ಕ ಕೂತು ಓದಿಸಲು ಸಾಧ್ಯ? ಹೆಚ್ಚಿನ ಕೈಗಳು ಸಿಗುತ್ತವೆಂದಾಗ ಬೇಡವೆನ್ನಲು ಮನಸ್ಸಾಗಲಿಲ್ಲ.

ಚರ್ಚಿನವರು ನಗರದ ಬಡ ಮಕ್ಕಳ ಬಳಿಗೆ ಬರುವುದು ಹೊಸದಲ್ಲ. 1780ರಲ್ಲಿ ಇಂಗ್ಲೆಂಡಿನ ಗ್ಲಾಸ್ಟರ್‌ನಲ್ಲಿ ರಾಬರ್ಟ್ ರೈಕ್ಸ್ ಎಂಬ ಪತ್ರಿಕೆಯ ಮಾಲೀಕರು ಸಂಡೇ ಸ್ಕೂಲ್ ಶುರುಮಾಡಿದರು. ವಾರವಿಡೀ ದುಡಿಯುತ್ತಿದ್ದ ಮಕ್ಕಳಿಗೆ ಬಿಡುವಿದ್ದದ್ದು ಭಾನುವಾರ ಮಾತ್ರ. ಬೈಬಲ್ ಓದಿಸಬೇಕೆಂಬ ಆಸೆಯಿಂದ ಅಕ್ಷರ ಕಲಿಸಿದರು. ಅಕ್ಷರ ಬಂದ ಮೇಲೆ ಮಗು ಏನನ್ನಾದರೂ ಓದಬಹುದಲ್ಲ! ಪೋರ್ಟ್ಸ್‌ಮತ್ ಎಂಬ ಬಂದರು ಪಟ್ಟಣದಲ್ಲಿ ಜಾನ್ ಪೌಂಡ್ಸ್ ಎಂಬವರು ಬೂಟು ರಿಪೇರಿ ಮಾಡುತ್ತಲೇ, ಅದೇ ಪುಟ್ಟ ಅಂಗಡಿಯಲ್ಲಿ ಬೀದಿ ಮಕ್ಕಳಿಗೆ ಪುಕ್ಕಟೆ ಪಾಠ ಹೇಳುತ್ತಿದ್ದರು. ಒಳಗೆ ಬರಲು ಒಲ್ಲದ ಹುಡುಗರಿಗೆ ಬಿಸಿ ಆಲೂಗಡ್ಡೆ ತೋರಿಸಿ ಕರೆಯುತ್ತಿದ್ದರಂತೆ. 1839ರಲ್ಲಿ ಅವರು ತೀರಿಕೊಂಡ ಮೇಲೆ, ಚಿಂದಿ ಬಟ್ಟೆಯ ಮಕ್ಕಳಿಗಾಗಿ ಶಾಲೆ ತೆರೆದ ಎಷ್ಟೋ ಜನ ಅವರನ್ನೇ ಮಾದರಿ ಎಂದರು.

ಆ ಆಲೂಗಡ್ಡೆಯ ಕಥೆ ನನಗೆ ಇಷ್ಟ. ಜೊತೆಗೇ ಒಂದು ಅಳುಕೂ ಇದೆ. ಹಸಿದ ಮಗು ತಟ್ಟೆ ಕೊಟ್ಟವರು ಹೇಳಿಕೊಟ್ಟದ್ದನ್ನೆಲ್ಲ ಒಪ್ಪಿಸುತ್ತದೆ. ಅದನ್ನು ನಂಬಿಕೆ ಎನ್ನಲಾಗದು. ಅದಕ್ಕೇ ತಿಂಡಿಯನ್ನು ಕಥೆಯ ಗಂಟೆಗಿಂತ ಮೊದಲು ಇಡಿಸಿದ್ದೇನೆ. ಬಂದ ಎಲ್ಲ ಮಕ್ಕಳಿಗೂ ಒಂದೇ ತಟ್ಟೆ. ಎರಡನೇ ಗಂಟೆಗೆ ಕೂರುವುದು ನೀವು ಬೇರೆಯಾಗಿ ಸಹಿ ಮಾಡಿದ ಮಕ್ಕಳು ಮಾತ್ರ. ಉಳಿದವರು ನಮ್ಮ ಶಿಕ್ಷಕರೊಬ್ಬರ ಜೊತೆ ಲೈಬ್ರರಿಯಲ್ಲಿರುತ್ತಾರೆ. ಒಂದಕ್ಕೆ ಹೂಂ, ಇನ್ನೊಂದಕ್ಕೆ ಬೇಡ ಎಂದರೆ ಯಾರೂ ಕಾರಣ ಕೇಳುವುದಿಲ್ಲ. ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 14ನೇ ವಿಧಿ ಮಗುವಿನ ಆತ್ಮಸಾಕ್ಷಿ ಮತ್ತು ಧರ್ಮದ ಸ್ವಾತಂತ್ರ್ಯವನ್ನು ಒಪ್ಪುತ್ತದೆ. ಆ ವಿಷಯದಲ್ಲಿ ಮಗುವಿಗೆ ದಾರಿ ತೋರುವ ಹಕ್ಕು ತಂದೆತಾಯಿಯದು ಎಂದೂ ಹೇಳುತ್ತದೆ. ಮುಖ್ಯೋಪಾಧ್ಯಾಯಿನಿಯದಲ್ಲ, ಚರ್ಚಿನದೂ ಅಲ್ಲ.

ಫೋಟೋ ವಿಷಯದಲ್ಲಿ ನಾನು ತುಸು ಹಟ ಹಿಡಿದೆ. ಲಂಡನ್ನಿನ ಬಡ ಮಕ್ಕಳಿಗೆ ಆಸರೆ ಕೊಟ್ಟ ಥಾಮಸ್ ಬರ್ನಾರ್ಡೊ ಅವರು, ಚಿಂದಿ ಉಟ್ಟ 'ಮೊದಲಿನ' ಫೋಟೋ, ಶುಭ್ರವಾದ 'ಆಮೇಲಿನ' ಫೋಟೋ ತೋರಿಸಿ ದೇಣಿಗೆ ಎತ್ತುತ್ತಿದ್ದರು. ಕೆಲವನ್ನು ಬೇಕೆಂದೇ ಹಾಗೆ ತೆಗೆಸಿದ್ದು ಎಂಬ ದೂರು 1877ರಲ್ಲಿ ಮಧ್ಯಸ್ಥರ ಮುಂದೆ ಹೋಯಿತು. ಬಹುಪಾಲು ಆರೋಪಗಳಿಂದ ಅವರು ಪಾರಾದರೂ ಫೋಟೋ ವಿಷಯದಲ್ಲಿ ಮಾತು ಕೇಳಬೇಕಾಯಿತು. ಅಷ್ಟು ಒಳ್ಳೆಯ ಕೆಲಸ ಮಾಡಿದವರೂ ಅಲ್ಲಿ ಎಡವಿದರು. ಹರಿದ ಅಂಗಿಯ ಮಗುವಿನ ಮುಖ ಇಂದು ಒಂದು ಮೊಬೈಲಿನಿಂದ ಎಲ್ಲೆಲ್ಲಿಗೋ ಹೋಗುತ್ತದೆ. ಅದೇ ಮಗು ದೊಡ್ಡದಾಗಿ ಅದನ್ನು ನೋಡುವ ದಿನವೂ ಬರುತ್ತದೆ. ಹಾಗಾಗಿ ಶನಿವಾರ ಯಾರೂ ಮಕ್ಕಳ ಫೋಟೋ ತೆಗೆಯುವಂತಿಲ್ಲ. ತಂಡದವರು ಬೇಸರಪಟ್ಟರು, ಆದರೂ ಒಪ್ಪಿದರು.

ಇನ್ನುಳಿದದ್ದು ಮಾಮೂಲು ಎಚ್ಚರಿಕೆ. ಹಾಜರಿ ಪುಸ್ತಕ ಇರುತ್ತದೆ, ಕೋಣೆಯಲ್ಲಿ ಯಾವಾಗಲೂ ಇಬ್ಬರು ದೊಡ್ಡವರಿರುತ್ತಾರೆ, ಯಾವ ಸ್ವಯಂಸೇವಕರೂ ಒಂಟಿ ಮಗುವನ್ನು ಎಲ್ಲಿಗೂ ಕರೆದೊಯ್ಯುವುದಿಲ್ಲ. "ಮನೆಯಲ್ಲಿ ಹೇಳಬೇಡ" ಎಂದು ಯಾರಾದರೂ ಮಗುವಿಗೆ ಹೇಳಿದ್ದು ತಿಳಿದರೆ ಅದೇ ದಿನ ನನಗೆ ತಿಳಿಸಿ.

ಒಪ್ಪಿಗೆ ಪತ್ರವನ್ನು ಮಗುವಿನ ಕೈಲಿ ಕಳಿಸಿದ್ದೇನೆ. ಓದಲು ಬಾರದವರು ಸಂಜೆ ಆಫೀಸಿಗೆ ಬನ್ನಿ, ನಾನೇ ಓದಿ ಹೇಳುತ್ತೇನೆ, ಸಂಕೋಚ ಬೇಡ. ಕೊಟ್ಟ ಒಪ್ಪಿಗೆಯನ್ನು ಯಾವಾಗ ಬೇಕಾದರೂ ಹಿಂದಕ್ಕೆ ಪಡೆಯಬಹುದು. ಬರುವ ಪೋಷಕರ ಸಭೆಗೆ ತಂಡದವರೂ ಬರುತ್ತಾರೆ. ಗೇಟಿನ ಹತ್ತಿರ ನನ್ನನ್ನು ಕೇಳಿದ ಪ್ರಶ್ನೆಯನ್ನು ದಯವಿಟ್ಟು ಅಲ್ಲಿ ಅವರನ್ನೇ ಕೇಳಿ.

ಇಂತಿ,
ಮುಖ್ಯೋಪಾಧ್ಯಾಯಿನಿ