ಕಾಲೇಜು ಗಣಿತ ಮೇಷ್ಟರಿಗೆ ಪಾಠ ಮಾಡಲು ಕಲಿಸುವವರು ಯಾರು?

ಮಾನ್ಯ ಸಂಪಾದಕರೇ,

ಸರ್ಕಾರಿ ಪದವಿ ಕಾಲೇಜುಗಳಲ್ಲಿ ಖಾಲಿ ಇರುವ ಹುದ್ದೆಗಳ ಬಗ್ಗೆ, ಅತಿಥಿ ಉಪನ್ಯಾಸಕರ ಗೋಳಿನ ಬಗ್ಗೆ ಪತ್ರಿಕೆಗಳಲ್ಲಿ ಆಗಾಗ ವರದಿ ಬರುತ್ತಿರುತ್ತದೆ. ಬರಲೇಬೇಕು. ಆದರೆ ಆ ಹುದ್ದೆಗಳಿಗೆ ಬರುವವರು ಪಾಠ ಮಾಡುವುದನ್ನು ಎಲ್ಲಿ ಕಲಿತು ಬರುತ್ತಾರೆ ಎಂದು ಯಾರೂ ಕೇಳಿದ್ದನ್ನು ನಾನು ಕಾಣೆ. ನನ್ನ ವಿಷಯ ಗಣಿತ. ಅದರ ಮಟ್ಟಿಗೆ ಹೇಳುವುದಾದರೆ, ಎಲ್ಲಿಯೂ ಕಲಿತಿರುವುದಿಲ್ಲ.

ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡಲು ಬಿ.ಇಡಿ. ಬೇಕು. ಪಿಯು ಉಪನ್ಯಾಸಕರಿಗೂ ಅದನ್ನು ಕೇಳುತ್ತಾರೆ. ಪಿಯು ಮುಗಿಸಿದ ಅದೇ ಹುಡುಗರು ಎರಡು ತಿಂಗಳ ರಜೆ ಕಳೆದು ಬಿ.ಎಸ್ಸಿ.ಗೆ ಬಂದು ಕೂತರೆ, ಅವರ ಮುಂದೆ ನಿಲ್ಲಲು ಎಂ.ಎಸ್ಸಿ. ಜೊತೆಗೆ ರಾಷ್ಟ್ರಮಟ್ಟದ ಅರ್ಹತಾ ಪರೀಕ್ಷೆ ನೆಟ್ ಅಥವಾ ರಾಜ್ಯಮಟ್ಟದ ಕೆಸೆಟ್ ಪಾಸಾಗಿದ್ದರೆ ಸಾಕು. ಕೆಸೆಟ್‌ನ ಮೊದಲ ಪತ್ರಿಕೆಯಲ್ಲಿ ಬೋಧನೆ ಕುರಿತು ಒಂದಿಷ್ಟು ಪ್ರಶ್ನೆಗಳಾದರೂ ಇವೆ, ನಾಲ್ಕರಲ್ಲಿ ಒಂದನ್ನು ಗುರುತಿಸುವಂಥವು. ಗಣಿತದವರು ಬರೆಯುವ ಸಿಎಸ್‌ಐಆರ್ ನೆಟ್‌ನಲ್ಲಿ ಅದೂ ಇಲ್ಲ. 200 ಅಂಕಗಳಲ್ಲಿ 30 ಸಾಮಾನ್ಯ ತರ್ಕ, ಲೆಕ್ಕಾಚಾರಕ್ಕೆ. ಮಿಕ್ಕ 170 ಗಣಿತಕ್ಕೆ. ಕಷ್ಟದ ಪರೀಕ್ಷೆ. ಅದನ್ನು ಪಾಸು ಮಾಡಿದವರ ವಿಷಯಜ್ಞಾನದ ಬಗ್ಗೆ ನನ್ನದೇನೂ ತಕರಾರಿಲ್ಲ. ಅವರಲ್ಲಿ ಬಹುಪಾಲು ಮಂದಿ ಹದಿನೆಂಟರ ಹುಡುಗಿಯೊಬ್ಬಳ ತಪ್ಪನ್ನು ಎದುರಿಗೆ ಕೂತು ಬಿಡಿಸಿ ನೋಡಿದವರಲ್ಲ ಎನ್ನುವುದಷ್ಟೇ ನನ್ನ ಮಾತು.

ಒಂದು ಉದಾಹರಣೆ ಕೊಡುತ್ತೇನೆ. ಸೀರೀಸ್ ಎಂದರೆ ಕೊನೆಯಿಲ್ಲದೆ ಸಂಖ್ಯೆಗಳನ್ನು ಕೂಡುತ್ತಾ ಹೋಗುವುದು; ಕೂಡುವ ಒಂದೊಂದು ಸಂಖ್ಯೆಯೂ ಒಂದು ಪದ. ಮೊತ್ತ ಒಂದು ನಿರ್ದಿಷ್ಟ ಸಂಖ್ಯೆಯ ಹತ್ತಿರ ಹೋಗಿ ನಿಂತರೆ ಅದು ಕನ್ವರ್ಜ್ ಆಯಿತು ಎನ್ನುತ್ತೇವೆ. ಈ ಪಾಠ ಶುರುವಾದ ವಾರದಲ್ಲೇ ಅರ್ಧ ತರಗತಿ ಬರೆಯುವ ಉತ್ತರ ಇದು: 'ಪದಗಳು ಸೊನ್ನೆಯ ಕಡೆಗೆ ಹೋಗುತ್ತಿವೆ, ಆದ್ದರಿಂದ ಸೀರೀಸ್ ಕನ್ವರ್ಜ್ ಆಗುತ್ತದೆ.' ಹೊಸ ಮೇಷ್ಟರು ಕೆಂಪು ಶಾಯಿಯಲ್ಲಿ ಗೀಟು ಹಾಕಿ, 'ಕಾನ್ವರ್ಸ್ ಈಸ್ ನಾಟ್ ಟ್ರೂ' (ಕನ್ವರ್ಜ್ ಆದರೆ ಪದಗಳು ಸೊನ್ನೆಯ ಕಡೆಗೆ ಹೋಗುತ್ತವೆ, ಅದನ್ನು ತಿರುಗಿಸಿ ಹೇಳಿದರೆ ನಿಜವಲ್ಲ) ಎಂದು ಬೋರ್ಡಿನ ಮೇಲೆ ಬರೆದು ಮುಂದಿನ ಥಿಯರಮ್ಮಿಗೆ ಹೋಗುತ್ತಾರೆ. ಹುಡುಗರು ಅದನ್ನೂ ಬರೆದುಕೊಳ್ಳುತ್ತಾರೆ. ಮುಂದಿನ ಟೆಸ್ಟಿನಲ್ಲಿ ಮತ್ತೆ ಅದೇ ತಪ್ಪು. ಪಳಗಿದವರು ಹೀಗೆ ಮಾಡುವುದಿಲ್ಲ. 1, 1/2, 1/3, 1/4 ಎಂದು ಕೂಡುತ್ತಾ ಹೋದರೆ ಮೊತ್ತ 10 ದಾಟುತ್ತದೆಯೇ ಎಂದು ಮೊದಲು ಪಂತ ಕಟ್ಟಿಸುತ್ತಾರೆ. ಹೆಚ್ಚಿನವರು ಇಲ್ಲ ಎನ್ನುತ್ತಾರೆ. ಆಮೇಲೆ 1/3 ಮತ್ತು 1/4 ಸೇರಿದರೆ ಅರ್ಧಕ್ಕಿಂತ ಜಾಸ್ತಿ, 1/5ರಿಂದ 1/8ರವರೆಗಿನ ನಾಲ್ಕು ಸೇರಿದರೂ ಅರ್ಧಕ್ಕಿಂತ ಜಾಸ್ತಿ, ಅದರ ಮುಂದಿನ ಎಂಟೂ ಹಾಗೆಯೇ ಎಂದು ಹುಡುಗರಿಂದಲೇ ಹೇಳಿಸುತ್ತಾರೆ. ಮೂರನೇ ಗುಂಪಿನ ಹೊತ್ತಿಗೆ ಹಿಂದಿನ ಬೆಂಚಿನಿಂದ ಯಾರಾದರೂ 'ಹಂಗಾದ್ರೆ ನಿಲ್ಲೋದೇ ಇಲ್ಲ ಸರ್' ಅನ್ನುತ್ತಾರೆ. ನಂಬದವರು ಪ್ರಾಕ್ಟಿಕಲ್ ದಿನ ಕಂಪ್ಯೂಟರಿನಲ್ಲಿ ಕೂಡಿ ನೋಡಬಹುದು: ಮೊತ್ತ 10 ದಾಟುವುದು 12,367ನೇ ಪದಕ್ಕೆ. ಅಷ್ಟು ನಿಧಾನಕ್ಕೆ ಬೆಳೆಯುವುದರಿಂದಲೇ ಆ ತಪ್ಪು ಅಷ್ಟು ಸಹಜ.

ಯಾವ ತಪ್ಪು ಎಲ್ಲಿ ಬರುತ್ತದೆ, ಅದು ಯಾಕೆ ಬರುತ್ತದೆ ಎಂಬ ಈ ತಿಳಿವಳಿಕೆ ಎಂ.ಎಸ್ಸಿ.ಯ ಟೋಪಾಲಜಿಯಲ್ಲಿ ಸಿಗುವುದಿಲ್ಲ. ಹತ್ತು ವರ್ಷ ಪಾಠ ಮಾಡಿದ ಮೇಲೆ ಬಂದರೂ ಬರಬಹುದು. ಆ ಹತ್ತು ವರ್ಷದ ಬ್ಯಾಚುಗಳು ಏನು ಪಾಪ ಮಾಡಿದ್ದವು?

ತರಬೇತಿಯೇ ಇಲ್ಲವೆಂದಲ್ಲ. 1987ರಿಂದ ಅಕಾಡೆಮಿಕ್ ಸ್ಟಾಫ್ ಕಾಲೇಜುಗಳಿವೆ, ಹೆಸರು ಬದಲಾಗುತ್ತಾ ಈಗ ಮಾಳವೀಯ ಮಿಷನ್ ಕೇಂದ್ರಗಳಾಗಿವೆ. ಆದರೆ ಅಲ್ಲಿನ ಓರಿಯಂಟೇಶನ್‌ಗೆ ಹೋಗುವುದು ಕೆಲಸ ಸಿಕ್ಕ ಮೇಲೆ, ಬಡ್ತಿಯ ಲೆಕ್ಕಕ್ಕೆ. ಅಲ್ಲಿ ಗಣಿತದವರೂ ಇತಿಹಾಸದವರೂ ಒಂದೇ ಹಾಲಿನಲ್ಲಿ ಕೂತು ಒತ್ತಡ ನಿರ್ವಹಣೆಯ ಉಪನ್ಯಾಸ ಕೇಳುತ್ತಾರೆ. ಬಡ್ತಿಯೇ ಇಲ್ಲದ ಅತಿಥಿ ಉಪನ್ಯಾಸಕರಿಗೆ ಆ ಲೆಕ್ಕವೂ ಅನ್ವಯಿಸದು. ರಾಜ್ಯದ ಎಷ್ಟೋ ಕಾಲೇಜುಗಳ ಗಣಿತ ವಿಭಾಗ ನಿಂತಿರುವುದೇ ಅವರ ಹೆಗಲ ಮೇಲೆ.

ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯುಜಿಸಿ) 2022ರ ಪಿಎಚ್.ಡಿ. ನಿಯಮಾವಳಿಯಲ್ಲಿ ಒಂದು ಒಳ್ಳೆಯ ಮಾತಿದೆ. ಸಂಶೋಧನಾರ್ಥಿಗಳು ಯಾವ ವಿಷಯದವರೇ ಆಗಿರಲಿ, ತಮ್ಮ ವಿಷಯದ ಬೋಧನೆಯಲ್ಲಿ ತರಬೇತಿ ಪಡೆಯಬೇಕು. ವಾರಕ್ಕೆ 4ರಿಂದ 6 ಗಂಟೆ ಟ್ಯುಟೋರಿಯಲ್, ಮೌಲ್ಯಮಾಪನದ ಕೆಲಸ ವಹಿಸಬಹುದು. ಇದನ್ನು ಗೈಡ್ ರಜೆ ಹಾಕಿದ ದಿನ ಅವರ ಕ್ಲಾಸು ತೆಗೆದುಕೊಳ್ಳುವುದು ಎಂದು ಅರ್ಥ ಮಾಡಿಕೊಂಡರೆ ಪ್ರಯೋಜನವಿಲ್ಲ. ಕೂತು ನೋಡುವವರು, ಆಮೇಲೆ 'ಇಲ್ಲಿ ಅವಸರ ಮಾಡಿದೆ' ಎಂದು ಹೇಳುವವರು ಒಬ್ಬರು ಬೇಕು. ನಮ್ಮಿಂದ ಅಮೆರಿಕಕ್ಕೆ ಪಿಎಚ್.ಡಿ.ಗೆ ಹೋದ ಮಕ್ಕಳು ಟೀಚಿಂಗ್ ಅಸಿಸ್ಟೆಂಟ್ ಆಗಿ ಸಾಮಾನ್ಯವಾಗಿ ಮೊದಲ ವರ್ಷವೇ ಈ ಕೆಲಸಕ್ಕೆ ಇಳಿಯುತ್ತಾರೆ. ಅಲ್ಲಿನ ಗಣಿತ ಸಂಘವೊಂದು ಹೊಸ ಪ್ರಾಧ್ಯಾಪಕರಿಗಾಗಿಯೇ 1994ರಿಂದ 'ಪ್ರಾಜೆಕ್ಟ್ ನೆಕ್ಸ್ಟ್' ನಡೆಸುತ್ತಿದೆ. ಅಷ್ಟು ದೂರ ಹೋಗುವುದೇ ಬೇಡ. ಪ್ರೊ. ಎಸ್. ಕುಮರೇಸನ್ 1993ರಲ್ಲಿ ಶುರು ಮಾಡಿದ ಎಂಟಿಟಿಎಸ್ ಎಂಬ ಗಣಿತ ತರಬೇತಿಯ ಬೇಸಿಗೆ ಶಿಬಿರಕ್ಕೆ ಹೋಗಿಬಂದ ಯಾವ ವಿದ್ಯಾರ್ಥಿಯನ್ನಾದರೂ ಕೇಳಿ, ಪ್ರಶ್ನೆ ಕೇಳುತ್ತಲೇ ಗಣಿತ ಕಲಿಸುವುದು ಹೇಗೆಂದು ಹೇಳುತ್ತಾರೆ.

ಹಾಗೆಂದು ಕಾಲೇಜಿನವರಿಗೂ ಬಿ.ಇಡಿ. ಕಡ್ಡಾಯ ಮಾಡಿ ಎಂದು ನಾನು ಹೇಳುತ್ತಿಲ್ಲ. ಬಣ್ಣದ ಶಾಯಿಯಲ್ಲಿ ಪಾಠಯೋಜನೆ ಬರೆದು ಸಹಿ ಹಾಕಿಸಿಕೊಳ್ಳುವ ಇನ್ನೊಂದು ಶಾಸ್ತ್ರ ಯಾರಿಗೂ ಬೇಡ. ನನ್ನ ಸಲಹೆ ಚಿಕ್ಕದು. ಗಣಿತ ಎಂ.ಎಸ್ಸಿ.ಯ ಕೊನೆಯ ಸೆಮಿಸ್ಟರಿನಲ್ಲಿ ಪ್ರಾಜೆಕ್ಟ್ ಇರುವ ಕಡೆ ಅದಕ್ಕೆ ಪರ್ಯಾಯವಾಗಿ, ಅಷ್ಟೇ ಕ್ರೆಡಿಟ್ಟಿನ ಬೋಧನಾಭ್ಯಾಸವನ್ನು ಇಡಬೇಕು. (ಈಗಿನ ಎಷ್ಟೋ ಪ್ರಾಜೆಕ್ಟ್‌ಗಳು ಜೆರಾಕ್ಸ್ ಅಂಗಡಿಯಲ್ಲೇ ಸಿದ್ಧವಾಗುತ್ತವೆ ಎಂಬುದು ಗೊತ್ತಿರುವ ವಿಷಯವೇ.) ಆ ವಿದ್ಯಾರ್ಥಿ ಹತ್ತಿರದ ಪದವಿ ಕಾಲೇಜಿನಲ್ಲಿ ವಾರಕ್ಕೆರಡು ಟ್ಯುಟೋರಿಯಲ್ ತೆಗೆದುಕೊಳ್ಳಲಿ, ಒಂದು ಟೆಸ್ಟಿನ ಉತ್ತರಪತ್ರಿಕೆ ತಿದ್ದಲಿ, ಕಂಡ ತಪ್ಪುಗಳನ್ನು ವಿಂಗಡಿಸಿ ಬರೆದು ವೈವಾದಲ್ಲಿ ಮಂಡಿಸಲಿ. ಎಪ್ಸಿಲಾನ್, ಡೆಲ್ಟಾ ಎಂಬ ಸಣ್ಣ ಅಂತರಗಳ ಮೂಲಕ ಲಿಮಿಟ್ ಹೇಳಿಕೊಡುವಾಗ, ಕನ್ನಡ ಮಾಧ್ಯಮದಿಂದ ಬಂದ ಹುಡುಗನಿಗೆ 'ನೀನು ಎಷ್ಟೇ ಸಣ್ಣ ಎಪ್ಸಿಲಾನ್ ಕೊಡು, ಅದಕ್ಕೆ ತಕ್ಕ ಡೆಲ್ಟಾ ನಾನು ಹುಡುಕಿಕೊಡ್ತೀನಿ' ಎಂದು ಹೇಳುವ ಧೈರ್ಯ ಅಲ್ಲೇ ಬರಲಿ.

ಇದಕ್ಕೆ ಹೊಸ ಕಟ್ಟಡ ಬೇಡ, ಹೊಸ ಹುದ್ದೆ ಬೇಡ. ಆಯಾ ವಿಶ್ವವಿದ್ಯಾಲಯದ ಗಣಿತ ಅಧ್ಯಯನ ಮಂಡಳಿ ಮುಂದಿನ ಸಭೆಯಲ್ಲಿ ತೀರ್ಮಾನಿಸಬಹುದಾದ ವಿಷಯ. ತರಗತಿಯಲ್ಲಿ ಹಿಂದೆ ಕೂತು ಗಮನಿಸಿ ತಿದ್ದಲು ಜನ ಎಲ್ಲಿಂದ ತರುವುದು ಎಂದು ಕೇಳಿದರೆ, ನಮ್ಮಂಥ ನಿವೃತ್ತರು ಪ್ರತಿ ಜಿಲ್ಲಾ ಕೇಂದ್ರದಲ್ಲೂ ಇದ್ದೇವೆ. ಕರೆದರೆ ಬರುತ್ತೇವೆ. ಟಿಎ, ಡಿಎ ಬಿಲ್ಲು ಕೊಡುವುದಿಲ್ಲ.

ಇತಿ,
ನಿವೃತ್ತ ಗಣಿತ ಪ್ರಾಧ್ಯಾಪಕ, ಹಾಸನ