ಎಳ್ಳುಬೆಲ್ಲದ ಡಬ್ಬಿ, ಮುರಿದ ಕಾಲು ಮತ್ತು ಏಳಡಿ ನಾಲ್ಕಂಗುಲದ ಹುಡುಗ

ಹೋದ ಭಾನುವಾರ ವಬಾಷ್ ನದಿಯ ಮೇಲಿನ ಪಾದಚಾರಿ ಸೇತುವೆಯನ್ನು ಈ ತುದಿಯಿಂದ ಆ ತುದಿಗೆ ಕೋಲಿಲ್ಲದೆ ದಾಟಿ, ಹಾಗೆಯೇ ನಡೆದು ವಾಪಸು ಬಂದೆ. ಅಮೆರಿಕದ ಇಂಡಿಯಾನಾ ರಾಜ್ಯದ ವೆಸ್ಟ್ ಲಫಯೆಟ್‌ನಲ್ಲಿ ಐದು ವರ್ಷದ ಮಕ್ಕಳು ಪುಟ್ಟ ಸೈಕಲ್ ತುಳಿದುಕೊಂಡು ದಾಟುವ ಸೇತುವೆ ಅದು. ನನಗೆ ಒಂಬತ್ತು ತಿಂಗಳು ಹಿಡಿಯಿತು. ಈ ಒಂಬತ್ತು ತಿಂಗಳಲ್ಲಿ ನನ್ನನ್ನು ಎತ್ತಿದವರು, ಉಣ್ಣಿಸಿದವರು, ಬೈದು ನಡೆಸಿದವರು ಬಹಳ ಮಂದಿ. ನನ್ನ ಹೆಸರೂ ಗೊತ್ತಿಲ್ಲದೆ ಧೈರ್ಯ ಕೊಟ್ಟವರೂ ಇದ್ದಾರೆ. ಒಬ್ಬೊಬ್ಬರ ಮನೆಗೂ ಹೋಗಿ ಹೇಳುವಷ್ಟು ಕಾಲು ಇನ್ನೂ ಗಟ್ಟಿಯಾಗಿಲ್ಲ. ಅದಕ್ಕೇ ಈ ಬರಹ.

ಬಿದ್ದದ್ದು ಸಂಕ್ರಾಂತಿಯ ಸಂಜೆ, 2025ರ ಜನವರಿ 14ರಂದು. ಎದುರು ಮನೆಯ ಅಜ್ಜಿಗೆ ಎಳ್ಳುಬೆಲ್ಲ ಕೊಡಲು ಹೊರಟಿದ್ದೆ. ವಾರದ ಹಿಂದೆ ಬಿದ್ದ ಹಿಮ ಕರಗಿ ಮತ್ತೆ ಹೆಪ್ಪುಗಟ್ಟಿತ್ತು. ಡಾಂಬರಿನ ಮೇಲೆ ಕಣ್ಣಿಗೆ ಕಾಣದಂಥ ಗಾಜಿನ ಪದರ. ಮೂರನೇ ಹೆಜ್ಜೆಗೆ ಕಾಲು ಒಂದು ಕಡೆ, ನಾನು ಇನ್ನೊಂದು ಕಡೆ. ಕೊಬ್ಬರಿ ಚೂರು, ಕಡಲೆಬೀಜ, ಅರಿಶಿನ ಬಣ್ಣದ ಸಕ್ಕರೆ ಅಚ್ಚು ಎಲ್ಲ ಹಿಮದ ಮೇಲೆ ಚೆಲ್ಲಾಡಿದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ನೋವಿಗಿಂತ ಮೊದಲು ಹೊಳೆದದ್ದು, ಅಚ್ಚು ಹಾಸನದಿಂದ ಬಂದದ್ದಲ್ಲವೇ, ಹಾಳಾಯಿತಲ್ಲ ಎಂದು. ಮಂಡಿಯ ಕೆಳಗಿನ ದಪ್ಪ ಮೂಳೆ ಮುರಿದಿತ್ತು. ಒಳಗೆ ರಾಡ್ ಹಾಕಿದರು.

ಮೂರನೇ ದಿನ ಮನೆಗೆ ಬಂದಾಗ ಅಜ್ಜಿ ಒಂದು ಪಾತ್ರೆ ಬೀನ್ಸ್ ಸಾರು ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದರು. ಕಾಲಿನ ಕಡೆ ನೋಡಿ, "ಓಹೋ, ನಮ್ಮ ಹುಡುಗನಿಗೆ ಆದದ್ದೇ ನಿನಗೂ ಆಗಿದೆ. ಸರಿಹೋಗುತ್ತದೆ, ಸೀಟು ಹಾಗೇ ಇಟ್ಟಿರುತ್ತೇನೆ," ಎಂದರು.

ಅವರ ಹುಡುಗನೆಂದರೆ ಮಗನೂ ಅಲ್ಲ, ಮೊಮ್ಮಗನೂ ಅಲ್ಲ. ಡೇನಿಯಲ್ ಜೇಕಬ್ಸನ್. ಇದೇ ಊರಿನ ಪರ್ಡ್ಯೂ ವಿಶ್ವವಿದ್ಯಾಲಯದ ಬ್ಯಾಸ್ಕೆಟ್‌ಬಾಲ್ ತಂಡಕ್ಕೆ ಆಗಷ್ಟೇ ಸೇರಿದ್ದ ಏಳಡಿ ನಾಲ್ಕಂಗುಲದ ಹುಡುಗ. 2024ರ ನವೆಂಬರ್ 8ರಂದು, ಕಾಲೇಜು ಆಟಕ್ಕೆ ಕಾಲಿಟ್ಟ ಎರಡನೇ ಪಂದ್ಯದಲ್ಲೇ, ಅದೂ ಪಂದ್ಯ ಶುರುವಾಗಿ ಸ್ವಲ್ಪ ಹೊತ್ತಿಗೇ, ಕಾಲಿನ ಅದೇ ಮೂಳೆ ಮುರಿದುಕೊಂಡು ಇಡೀ ಋತು ಕಳೆದುಕೊಂಡಿದ್ದ. ಅಜ್ಜಿಯೂ ನಾನೂ ಅವತ್ತು ಮ್ಯಾಕಿ ಅರೀನಾದಲ್ಲೇ ಕುಳಿತಿದ್ದೆವು. ಸುಮಾರು ಹದಿನೈದು ಸಾವಿರ ಜನ ಹಿಡಿಯುವ, ಗುಮ್ಮಟದ ಮಾಡಿನ ಆ ಕ್ರೀಡಾಂಗಣದಲ್ಲಿ ಪಕ್ಕದವರ ಮಾತು ಕೇಳಿಸುವುದೇ ಕಷ್ಟ. ಅವತ್ತು ಮಾತ್ರ ಅಜ್ಜಿ ಉಸಿರೆಳೆದುಕೊಂಡದ್ದೂ ಕೇಳಿಸಿತು.

ಅಜ್ಜಿಯದು ಎರಡು ಸೀಟು. ಒಂದು ಅವರದು, ಇನ್ನೊಂದು ತೀರಿಕೊಂಡ ಯಜಮಾನರದು. 2019ರಲ್ಲಿ ನಾವು ಇಲ್ಲಿಗೆ ಬಂದ ಹೊಸದರಲ್ಲಿ ಅಂಚೆ ಪೆಟ್ಟಿಗೆಯ ಹತ್ತಿರ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ನೀನು ಆಡಿದ್ದೀಯಾ?" ಎಂದು ಕೇಳಿದ್ದರು. ನನ್ನದು ಐದಡಿ ಹತ್ತಂಗುಲ. ಊರಿನಲ್ಲಿ ಈ ಎತ್ತರಕ್ಕೆ ತೆಂಗಿನಮರ, ಬಿದಿರುಗಳು, ಗಂಡು ಸಿಗುವುದಿಲ್ಲ ಎಂಬ ಮಾತುಗಳೇ ಬಂದದ್ದು. ಆಡಿದ್ದೀಯಾ ಎಂದು ಕೇಳಿದವರು ಇಬ್ಬರೇ: ಹಾಸನದ ಕಾಲೇಜಿನ ನಮ್ಮ ಪಿ.ಟಿ. ಮೇಷ್ಟ್ರು ಮತ್ತು ಇಂಡಿಯಾನಾದ ಈ ರೈತಾಪಿ ಅಜ್ಜಿ. ಹೌದು ಎಂದೆ. ಆ ಚಳಿಗಾಲದಿಂದ ಯಜಮಾನರ ಸೀಟು ನನ್ನದು.

ಮೇಷ್ಟ್ರು ಮೊದಲ ವರ್ಷ ನನ್ನನ್ನು ಒಂದು ಪಂದ್ಯಕ್ಕೂ ಇಳಿಸಲಿಲ್ಲ. ಬೆಳಿಗ್ಗೆ ಆರಕ್ಕೆ ಸಿಮೆಂಟು ಅಂಕಣದಲ್ಲಿ ಬುಟ್ಟಿಯ ನೇರ ಕೆಳಗೆ ನಿಲ್ಲಿಸುತ್ತಿದ್ದರು. ಬಲಗಡೆಯಿಂದ ಬಲಗೈಯಲ್ಲಿ ಹಾಕು, ಚೆಂಡು ನೆಲ ಮುಟ್ಟುವ ಮುಂಚೆ ಹಿಡಿ, ಎಡಗಡೆಗೆ ಹೆಜ್ಜೆ ಇಡು, ಎಡಗೈಯಲ್ಲಿ ಹಾಕು. ಚೆಂಡನ್ನು ಹಣೆಯಿಂದ ಕೆಳಗೆ ಇಳಿಸಿದರೆ ಸೀಟಿ. ಇಳಿಸಿದೆಯೋ ಕುಳ್ಳಿಯರು ಕಿತ್ತುಕೊಳ್ಳುತ್ತಾರೆ ಎಂಬುದು ಅವರ ಶಾಸ್ತ್ರ. ಅಮೆರಿಕದ ಜಾರ್ಜ್ ಮೈಕನ್ ಎಂಬ ಎತ್ತರದ ಆಟಗಾರನ ಹೆಸರಿನಲ್ಲಿ ಈ ಅಭ್ಯಾಸ ಪ್ರಸಿದ್ಧವೆಂದು ಗೊತ್ತಾದದ್ದು ಇಲ್ಲಿಗೆ ಬಂದ ಮೇಲೆ. ನಮಗೆ ಅದು "ಮೇಷ್ಟ್ರ ಶಿಕ್ಷೆ". ಪಂದ್ಯದ ದಿನ ನನ್ನ ಕೆಲಸ ಗ್ಲೂಕೋಸ್ ಡಬ್ಬಿ ಮತ್ತು ಟವೆಲ್ಲು ಹಿಡಿದು ಕೂರುವುದು. ಎಷ್ಟು ಸಿಟ್ಟಿತ್ತೆಂದರೆ ಒಮ್ಮೆ ಬೇಕೆಂದೇ ಗ್ಲೂಕೋಸ್ ಬದಲು ಬರೀ ನೀರು ಕೊಟ್ಟಿದ್ದೆ. ಎರಡನೇ ವರ್ಷ ಅವರೇ ಸೆಂಟರ್ ಜಾಗದಲ್ಲಿ, ಅಂದರೆ ಬುಟ್ಟಿಯ ಹತ್ತಿರ ಎತ್ತರದವರು ಆಡುವ ಜಾಗದಲ್ಲಿ, ನಿಲ್ಲಿಸಿದರು. ಆಗ ಕೈಗಳು ತಾವಾಗಿಯೇ ಮೇಲಿದ್ದವು. ಮೇಷ್ಟ್ರೇ, ಈಗ ನೀವು ಇಲ್ಲ. ಆದರೂ ಮೊದಲ ವಂದನೆ ನಿಮಗೆ, ಆ ನೀರಿನ ತಪ್ಪೊಪ್ಪಿಗೆಯ ಜೊತೆಗೆ.

ಪರ್ಡ್ಯೂದಲ್ಲಿ ಆ ಗ್ಲೂಕೋಸ್ ವರ್ಷಕ್ಕೆ ರೆಡ್‌ಶರ್ಟ್ ಎನ್ನುತ್ತಾರೆ. ತಂಡದೊಡನೆ ಅಭ್ಯಾಸ ಮಾಡಬೇಕು, ಉಣ್ಣಬೇಕು, ಭಾರ ಎತ್ತಬೇಕು, ಪಂದ್ಯ ಮಾತ್ರ ಆಡುವಂತಿಲ್ಲ; ಆಡುವ ನಾಲ್ಕು ವರ್ಷಗಳ ಲೆಕ್ಕಕ್ಕೆ ಅದು ಸೇರುವುದಿಲ್ಲ. 2005ರಿಂದ ಇಲ್ಲಿ ಮುಖ್ಯ ಕೋಚ್ ಆಗಿರುವ ಮ್ಯಾಟ್ ಪೇಂಟರ್ ಅವರಿಗೆ ಇದರಲ್ಲಿ ಗಟ್ಟಿ ನಂಬಿಕೆ. ಎತ್ತರದವರನ್ನು ತಿದ್ದುವ ಸಹಾಯಕ ಕೋಚ್ ಬ್ರ್ಯಾಂಡನ್ ಬ್ರ್ಯಾಂಟ್ಲಿ ಕೂಡ ಹಿಂದೆ ಇದೇ ತಂಡದ ಆಟಗಾರ. ಎತ್ತರದ ಮಕ್ಕಳ ಕಷ್ಟ ಕುಳ್ಳರಿಗೆ ಅರ್ಥವಾಗುವುದಿಲ್ಲ. ಮೂಳೆ ಮುಂದೆ ಓಡಿರುತ್ತದೆ, ಸ್ನಾಯು ಹಿಂದೆ ಉಳಿದಿರುತ್ತದೆ. ಕೈ ಎಲ್ಲಿದೆ, ಪಾದ ಎಲ್ಲಿದೆ ಎಂದು ಮಿದುಳಿಗೆ ಸುದ್ದಿ ಮುಟ್ಟುವುದೇ ತಡ. ಹದಿನೆಂಟರ ಹುಡುಗ ಎರಡು ಸಲ ಎಡವಿದರೆ ಸಾಕು, ಇವನು ಪ್ರಯೋಜನವಿಲ್ಲ ಎನ್ನುವವರು ನಮ್ಮ ಸಾಲಿನಲ್ಲೂ ಇದ್ದಾರೆ. ತೆಂಗಿನ ಸಸಿ ನೆಟ್ಟ ವರ್ಷವೇ ಎಳನೀರು ಕೇಳುವ ಜನ.

ಪರ್ಡ್ಯೂದ ಸೆಂಟರ್ ಆಗಿ ಮುಂದೆ ಹೆಸರು ಮಾಡಿದ ಜ್ಯಾಕ್ ಈಡಿಯನ್ನು ನಾನು ಇದೇ ಕಣ್ಣಿನಿಂದ ನೋಡಿದ್ದು. ಆಮ್ಸ್ಟರ್‌ಡ್ಯಾಮ್‌ನಿಂದ ಬಂದಿದ್ದ ನಮ್ಮ ಏಳಡಿ ಮೂರಂಗುಲದ ಸೆಂಟರ್ ಮ್ಯಾಟ್ ಹಾರ್ಮ್ಸ್, ಇನ್ನೊಂದು ವರ್ಷ ಬಾಕಿ ಇರುವಾಗಲೇ 2020ರ ವಸಂತದಲ್ಲಿ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯಕ್ಕೆ ಹೊರಟುಹೋದ. ಅಜ್ಜಿ ಎರಡು ದಿನ ಯಾರೊಂದಿಗೂ ಮಾತನಾಡಲಿಲ್ಲ. ಅದೇ ವರ್ಷ ಟೊರಾಂಟೊದಿಂದ ಬಂದವನು ಈಡಿ. ಚಿಕ್ಕಂದಿನಲ್ಲಿ ಐಸ್ ಹಾಕಿ, ಬೇಸ್‌ಬಾಲ್ ಆಡಿದವನು; ಬ್ಯಾಸ್ಕೆಟ್‌ಬಾಲ್ ಹಿಡಿದದ್ದೇ ಹತ್ತನೇ ತರಗತಿಯ ಹೊತ್ತಿಗೆ. ಪ್ರೌಢಶಾಲಾ ಆಟಗಾರರ ಶ್ರೇಯಾಂಕ ಪಟ್ಟಿಯಲ್ಲಿ ಅವನ ಹೆಸರು 400ರ ಆಚೆ ಎಲ್ಲೋ ಇತ್ತು. ಅವನನ್ನೂ ಒಂದು ವರ್ಷ ಕೂರಿಸುವ ಯೋಚನೆ ಇತ್ತಂತೆ. ಹಾರ್ಮ್ಸ್ ಬಿಟ್ಟುಹೋದ ಜಾಗ ಖಾಲಿಯಿತ್ತು, ಆಡಿಸಿದರು. ಪಂದ್ಯಕ್ಕೆ ಹದಿನೈದು ನಿಮಿಷದಷ್ಟು, ಸರಾಸರಿ 8.7 ಅಂಕ. ಮರುವರ್ಷ ಟ್ರೆವಿಯನ್ ವಿಲಿಯಮ್ಸ್ ಎಂಬ ಹಿರಿಯನೊಂದಿಗೆ ಸಮಯ ಹಂಚಿಕೊಂಡು 14.4. ಹಿರಿಯನಾದ ಟ್ರೆವಿಯನ್ ಬೆಂಚಿನಿಂದ ಎದ್ದು ಬರುವುದಕ್ಕೆ ಒಪ್ಪಿದ್ದ, ಕಿರಿಯವನು ಮೊದಲು ಇಳಿಯುತ್ತಿದ್ದ. ಈ ಒಪ್ಪಿಗೆ ಎಷ್ಟು ದೊಡ್ಡದೆಂದು ಆಡಿದವರಿಗೆ ಗೊತ್ತು. ಮೂರನೇ ವರ್ಷ 22.3 ಅಂಕ, ದೇಶದ ಶ್ರೇಷ್ಠ ಆಟಗಾರ.

ಅದೇ 2023ರ ಮಾರ್ಚ್‌ನಲ್ಲಿ, ಸೋತವರು ಮನೆಗೆ ಹೋಗುವ ರಾಷ್ಟ್ರೀಯ ಕಾಲೇಜು ಪಂದ್ಯಾವಳಿಯಲ್ಲಿ, ತನ್ನ ಗುಂಪಿನ ಅಗ್ರ ಶ್ರೇಯಾಂಕದ ಪರ್ಡ್ಯೂ ತಂಡವನ್ನು ಫೇರ್ಲಿ ಡಿಕಿನ್ಸನ್ ಎಂಬ ಹದಿನಾರನೇ, ಅಂದರೆ ಕೊನೆಯ, ಶ್ರೇಯಾಂಕದ ತಂಡ 63-58ರಲ್ಲಿ ಸೋಲಿಸಿತು. ಎತ್ತರದ ಸರಾಸರಿ ತೆಗೆದರೆ ದೇಶದಲ್ಲೇ ಅತಿ ಕುಳ್ಳರ ತಂಡ ಅದು. ನಮ್ಮ ಮೇಷ್ಟ್ರ ಸೀಟಿ ಕಿವಿಯಲ್ಲಿ ಕೇಳಿಸಿತು. ಊರು ಒಂದು ವಾರ ತಲೆ ತಗ್ಗಿಸಿಕೊಂಡು ಓಡಾಡಿತು. ಈಡಿ ವೃತ್ತಿಪರ ಆಟಕ್ಕೆ ಹೋಗದೆ ಮತ್ತೆ ಬಂದ. 25.2 ಅಂಕ, ಸತತ ಎರಡನೇ ಸಲ ದೇಶದ ಶ್ರೇಷ್ಠ ಆಟಗಾರ. 1980ರ ನಂತರ ಮೊದಲ ಬಾರಿಗೆ ತಂಡ ಕೊನೆಯ ನಾಲ್ಕರ ಘಟ್ಟ ಮುಟ್ಟಿತು. ಟೆನೆಸಿಯ ವಿರುದ್ಧ ಅವನೊಬ್ಬನದೇ 40 ಅಂಕ.

ಫೈನಲ್ ನಡೆದದ್ದು 2024ರ ಏಪ್ರಿಲ್ 8ರ ರಾತ್ರಿ. ಅವತ್ತು ಮಧ್ಯಾಹ್ನ ಇಂಡಿಯಾನಾದಲ್ಲಿ ಸೂರ್ಯಗ್ರಹಣ. ಇಂಡಿಯಾನಾಪೊಲಿಸ್ ಪೂರ್ತಿ ಕತ್ತಲಾಗಿತ್ತು. ಅಮ್ಮ ಹಾಸನದಿಂದ ಫೋನ್ ಮಾಡಿ, ಗ್ರಹಣ ಬಿಟ್ಟ ಮೇಲೆ ತಲೆಗೆ ಸ್ನಾನ ಮಾಡದೆ ಒಲೆ ಹಚ್ಚಬೇಡ ಎಂದರು. ಮಾಡಿದೆ. ಏನು ಪ್ರಯೋಜನ, ಈಡಿ 37 ಅಂಕ ಗಳಿಸಿದರೂ ಕನೆಕ್ಟಿಕಟ್ 75-60ರಲ್ಲಿ ಗೆದ್ದಿತು. ಮರುದಿನ ಯುಗಾದಿ. ಈ ಊರಿನಲ್ಲಿ ಬೇವಿನ ಎಲೆ ಸಿಗುವುದಿಲ್ಲ. ಆ ವರ್ಷ ಅದರ ಅಗತ್ಯವೂ ಬೀಳಲಿಲ್ಲ.

ಈಡಿಗೆ ನಾನು ವಂದನೆ ಹೇಳಬೇಕಾದ ಕಾರಣ ಬೇರೆಯೇ ಇದೆ. ಜಾಹೀರಾತಿನಿಂದ ಹಣ ಗಳಿಸಲು ಕಾಲೇಜು ಆಟಗಾರರಿಗೆ 2021ರ ಜುಲೈಯಲ್ಲಿ ಬಾಗಿಲು ತೆರೆಯಿತು. ಕೆನಡಾದ ಈ ಹುಡುಗ ವಿದ್ಯಾರ್ಥಿ ವೀಸಾದಲ್ಲಿದ್ದ. ದೇಶದ ಶ್ರೇಷ್ಠ ಆಟಗಾರನಾಗಿಯೂ ಪಕ್ಕದಲ್ಲಿ ಕೂರುವ ಹುಡುಗರಂತೆ ಮುಕ್ತವಾಗಿ ಗಳಿಸುವ ಅವಕಾಶ ಅವನಿಗಿರಲಿಲ್ಲ. ನಾನು ಗಂಡನ ವೀಸಾಕ್ಕೆ ಅಂಟಿಕೊಂಡು ಬಂದವಳು. ಎಂ.ಎಸ್ಸಿ. ಪದವಿ ಪೆಟ್ಟಿಗೆಯಲ್ಲಿದೆ, ಕೆಲಸ ಮಾಡುವ ಅನುಮತಿ ಇಲ್ಲ. ಏಳಡಿ ನಾಲ್ಕಂಗುಲದ ಈಡಿಯನ್ನೂ ಒಂದು ಕಾಗದದ ತುಂಡು ಕೂರಿಸುತ್ತದೆ ಎಂದು ತಿಳಿದ ದಿನ, ನನ್ನೊಬ್ಬಳದೇ ದುರದೃಷ್ಟ ಎಂಬ ಕೊರಗು ಅರ್ಧ ಇಳಿಯಿತು. ಪೂರ್ತಿ ಇಳಿಯಿತು ಎಂದರೆ ಸುಳ್ಳಾಗುತ್ತದೆ.

ಹೀಗೆ, ನನ್ನ ಕಾಲು ಮುರಿದಾಗ ಈಡಿ ವೃತ್ತಿಪರ ತಂಡ ಸೇರಿ ಮೆಂಫಿಸ್‌ನಲ್ಲಿದ್ದ, ಜೇಕಬ್ಸನ್ ನನ್ನಂತೆಯೇ ಕುಳಿತಿದ್ದ. ಸೆಂಟರ್ ಜಾಗಕ್ಕೆ ಆರಡಿ ಒಂಬತ್ತಂಗುಲದ ಟ್ರೇ ಕೌಫ್‌ಮನ್-ರೆನ್‌ನನ್ನು ನಿಲ್ಲಿಸಿದ್ದರು. ಇಂಡಿಯಾನಾದವನೇ, ಅವನೂ ಮೊದಲ ವರ್ಷ ರೆಡ್‌ಶರ್ಟ್ ಆಗಿ ಕುಳಿತವನು. ತನಗಿಂತ ಎತ್ತರದವರ ಮಧ್ಯೆ ಭುಜ ತೂರಿಸಿ, ಒಂದು ಕೈಯಿಂದ ಚೆಂಡನ್ನು ಮೆತ್ತಗೆ ಬುಟ್ಟಿಗೆ ತೇಲಿಸುತ್ತ ಆ ಋತುವಿನಲ್ಲಿ ಪಂದ್ಯಕ್ಕೆ ಸರಾಸರಿ 20 ಅಂಕ ಗಳಿಸಿದ. ನಾನು ಟಿ.ವಿ. ಮುಂದೆ, ಕಾಲು ಮೂರು ದಿಂಬಿನ ಮೇಲೆ. ಕ್ಯಾಮೆರಾ ಬೆಂಚಿನ ಕಡೆ ತಿರುಗಿದಾಗಲೆಲ್ಲ ಜೇಕಬ್ಸನ್‌ನನ್ನು ಹುಡುಕುತ್ತಿದ್ದೆ. ನನಗಿಂತ ಎರಡು ತಿಂಗಳು ಹಿರಿಯ ರೋಗಿ ತಾನೇ. ಅವನು ಎಲ್ಲಿಯವರೆಗೆ ಬಂದಿದ್ದಾನೆಂದು ತಿಳಿದರೆ ನಾನು ಎಲ್ಲಿರಬೇಕೆಂಬ ಲೆಕ್ಕ ಸಿಗುತ್ತಿತ್ತು. ನಲವತ್ತನಾಲ್ಕರ ಹೆಂಗಸು ಹತ್ತೊಂಬತ್ತರ ಕ್ರೀಡಾಪಟುವಿನೊಡನೆ ಪಂತ ಕಟ್ಟಿದ್ದನ್ನು ಕೇಳಿ ಫಿಸಿಯೋಥೆರಪಿಯ ಹುಡುಗಿ ನಕ್ಕುಬಿಟ್ಟಳು. ನಕ್ಕರೂ, ಪ್ರತಿ ವಾರ "ಇವತ್ತು ಜೇಕಬ್ಸನ್ ಹತ್ತು ಸಲ ಹಿಮ್ಮಡಿ ಎತ್ತುತ್ತಿದ್ದಾನೆಂದು ಭಾವಿಸಿ," ಎಂದು ನನ್ನಿಂದ ಹನ್ನೆರಡು ಸಲ ಎತ್ತಿಸಿದಳು. ತಾಯಿ, ನಿನಗೆ ನೂರು ನಮಸ್ಕಾರ.

ಮಾರ್ಚ್ ಕೊನೆಗೆ ಹ್ಯೂಸ್ಟನ್ ವಿರುದ್ಧ 60-60 ಆಗಿರುವಾಗ, ಇನ್ನೊಂದು ಸೆಕೆಂಡೂ ಉಳಿಯದಂತೆ ಅವರ ಮಿಲೋಸ್ ಉಜಾನ್ ಬುಟ್ಟಿಗೆ ಹಾಕಿಬಿಟ್ಟ. ಆ ರಾತ್ರಿ ನಾನು ಊರುಗೋಲನ್ನು ಟಿ.ವಿ. ಕಡೆಗೆ ಎಸೆದದ್ದು ನಿಜ. ಟಿ.ವಿ.ಗೆ ತಾಗಲಿಲ್ಲ. ಮಗಳು ಅದನ್ನು ಎತ್ತಿ ತಂದುಕೊಟ್ಟು, "ಅಮ್ಮ, ಫೌಲ್," ಎಂದಳು.

ಆಮೇಲೆ ಬಂದದ್ದು ವಲಸೆಯ ತಿಂಗಳು. ಈಗ ಆಟಗಾರರು ಕಾಲೇಜಿನಿಂದ ಕಾಲೇಜಿಗೆ ಹೋಗಿ ಮರುವರ್ಷವೇ ಆಡಬಹುದು. 2025ರ ಜುಲೈಯಿಂದ ಕಾಲೇಜುಗಳೇ ಅವರಿಗೆ ನೇರವಾಗಿ ಹಣ ಕೊಡುತ್ತಿವೆ. ಹುಡುಗರ ಬೆವರಿಗೆ ಹುಡುಗರಿಗೇ ಹಣ ಸಿಕ್ಕಿದರೆ ನನಗೇನೂ ಬೇಸರವಿಲ್ಲ, ಅಜ್ಜಿಗೆ ಇದೆ. ನಮ್ಮ ತಂಡದ ಕ್ಯಾಮ್ಡನ್ ಹೈಡ್ ಟೆಕ್ಸಸ್‌ಗೆ ಹೋದ, ಮೈಲ್ಸ್ ಕಾಲ್ವಿನ್ ವೇಕ್ ಫಾರೆಸ್ಟ್‌ಗೆ. ಸ್ವೀಡನ್‌ನಿಂದ ಬಂದಿದ್ದ ಏಳಡಿ ಎರಡಂಗುಲದ ವಿಲ್ ಬರ್ಗ್ ವಿಚಿಟಾ ಸ್ಟೇಟ್ ಸೇರಿದ. ಬರ್ಗ್ ಮೊದಲ ವರ್ಷ ರೆಡ್‌ಶರ್ಟ್, ಎರಡನೇ ವರ್ಷ ಈಡಿಯ ನೆರಳು. ಈಡಿಯ ಹೆಸರು ಪತ್ರಿಕೆಯಲ್ಲಿ ಬರುತ್ತಿದ್ದ ದಿನಗಳಲ್ಲಿ ಅಭ್ಯಾಸದ ಅಂಕಣದಲ್ಲಿ ಅವನನ್ನು ತಡೆದು ನಿಲ್ಲಬೇಕಾಗಿದ್ದವರಲ್ಲಿ ಬರ್ಗ್ ಒಬ್ಬ. ಗ್ಲೂಕೋಸ್ ಡಬ್ಬಿಯವರ ಕಡೆಯಿಂದ ಅವನಿಗೆ ವಿಶೇಷ ವಂದನೆ. ವಿಚಿಟಾದಲ್ಲಿ ಚೆನ್ನಾಗಿ ಆಡಪ್ಪ. ಬಂದವರಲ್ಲಿ ದಕ್ಷಿಣ ಡಕೋಟಾ ಸ್ಟೇಟ್‌ನಿಂದ ಆಸ್ಟ್ರೇಲಿಯಾದ ಸೆಂಟರ್ ಆಸ್ಕರ್ ಕ್ಲಫ್ ಇದ್ದ. ಅವನು ಬಂದನೆಂದರೆ ಜೇಕಬ್ಸನ್ ಅವಸರವಿಲ್ಲದೆ ಬೆಳೆಯಬಹುದು ಎಂಬುದು ನನ್ನ ಲೆಕ್ಕಾಚಾರ. ಅಜ್ಜಿ ಒಪ್ಪಿಲ್ಲ.

ಜೂನ್ ಕೊನೆಯಿಂದ ಜುಲೈ ಮೊದಲ ವಾರದವರೆಗೆ ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿ ಹತ್ತೊಂಬತ್ತರೊಳಗಿನವರ ವಿಶ್ವಕಪ್ ನಡೆಯಿತು. ಚಿನ್ನ ಗೆದ್ದ ಅಮೆರಿಕ ತಂಡದಲ್ಲಿ ಜೇಕಬ್ಸನ್ ಇದ್ದ. ಮುರಿದ ಎಂಟನೇ ತಿಂಗಳಿಗೆ ಹುಡುಗ ಓಡುತ್ತಿದ್ದ, ನೆಗೆಯುತ್ತಿದ್ದ. ನಾನು ಅಡುಗೆಮನೆಯಿಂದ ತುಳಸಿ ಕುಂಡದವರೆಗೆ ಕೋಲು ಊರಿಕೊಂಡು ಹೋಗುತ್ತಿದ್ದೆ. ಪಂತ ಸೋತೆ. ಸೋತದ್ದಕ್ಕೆ ಅಜ್ಜಿಗೆ ಒಂದು ಡಬ್ಬಿ ಕೋಡುಬಳೆ ಕರಿದುಕೊಟ್ಟೆ, ಸ್ಟೂಲಿನ ಮೇಲೆ ಕುಳಿತು.

ಇನ್ನು ನಮ್ಮವರು. ಇಲ್ಲಿನ ಕನ್ನಡ ಬಳಗದ ಅಕ್ಕಂದಿರು ಎಂಟು ವಾರ ಸರದಿ ಹಾಕಿಕೊಂಡು ಊಟ ಕಳುಹಿಸಿದರು. ಮಂಗಳವಾರದ ಬಸ್ಸಾರು ಯಾರದೆಂದು ನನಗೆ ಗೊತ್ತು, ಹೇಳಿದರೆ ಉಳಿದವರು ಬೇಸರ ಮಾಡಿಕೊಳ್ಳುತ್ತಾರೆ. ಸಂಶೋಧನಾ ವಿದ್ಯಾರ್ಥಿಗಳಾದ ಮೂವರು ಹುಡುಗರು ಹಿಮ ಬಿದ್ದ ಪ್ರತಿ ಬೆಳಿಗ್ಗೆ ನಮ್ಮ ಮೆಟ್ಟಿಲಿಗೆ ಉಪ್ಪು ಹಾಕಿ, ಬಾಗಿಲು ತಟ್ಟದೆ ಹೋದರು. ನಮ್ಮ ಯಜಮಾನರು ತಲೆಬಾಚುವುದರಿಂದ ಹಿಡಿದು ಉದ್ದಿನಬೇಳೆ ನೆನೆಹಾಕುವವರೆಗೆ ಕಲಿತರು. ದೋಸೆ ಮಾತ್ರ ಇನ್ನೂ ರೆಡ್‌ಶರ್ಟ್‌ನಲ್ಲಿದೆ.

2025ರ ಅಕ್ಟೋಬರ್‌ನಲ್ಲಿ ಹೊರಬಿದ್ದ ಋತುಪೂರ್ವ ಶ್ರೇಯಾಂಕದಲ್ಲಿ ಪರ್ಡ್ಯೂ ಮೊದಲ ಸ್ಥಾನದಲ್ಲಿತ್ತು, ತಂಡದ ಚರಿತ್ರೆಯಲ್ಲೇ ಮೊದಲ ಬಾರಿಗೆ. ಅಜ್ಜಿ ಇದನ್ನು ಅಪಶಕುನವೆಂದೇ ತಿಳಿದಿದ್ದಾರೆ. ನವೆಂಬರ್ 4ರಂದು ಎವಾನ್ಸ್‌ವಿಲ್ ವಿರುದ್ಧ ಮೊದಲ ಪಂದ್ಯ. ನಮ್ಮ ಸಾಲಿಗೆ ಹೋಗಲು ಇಪ್ಪತ್ತಾರು ಮೆಟ್ಟಿಲು. ಕಳೆದ ಚಳಿಗಾಲವೆಲ್ಲ ಆ ಸೀಟಿನ ಮೇಲೆ ಅಜ್ಜಿ ತಮ್ಮ ಕೋಟು ಇಟ್ಟುಕೊಂಡಿದ್ದರಂತೆ, ಯಾರನ್ನೂ ಕೂರಲು ಬಿಡಲಿಲ್ಲವಂತೆ. ಮೊನ್ನೆ ಫೋನ್ ಮಾಡಿ ಹೇಳಿದರು: ಮೆಟ್ಟಿಲಿನ ಎಡಗಡೆ ಹಿಡಿಕೆ ಇದೆ, ಅರ್ಧ ಗಂಟೆ ಮೊದಲೇ ಹೊರಡೋಣ, ಆ ಸಕ್ಕರೆ ಗೊಂಬೆಗಳು ಇದ್ದರೆ ತಾ. ಅವು ಸಂಕ್ರಾಂತಿಗೆ ಮಾತ್ರ ಎಂದೆ. "ನಿನ್ನ ಕಳೆದ ಸಂಕ್ರಾಂತಿಯದು ನನಗಿನ್ನೂ ಬರಬೇಕಾಗಿದೆ," ಎಂದರು.

ಅಮ್ಮನಿಗೆ ಹೇಳಿದ್ದೇನೆ. ಅಚ್ಚು ಹಾಸನದಿಂದ ಹೊರಟಿದೆ.